ಲೆಕ್ಕ ಕೇಳುವವರು ಯಾರು?

ಅಣ್ಣಿಗೇರಿಯ ಪೇಟೆಯಲ್ಲಿ ಕಡಲೆ ಮಾರುವ ಸಣ್ಣ ವ್ಯಾಪಾರಿಯೂ ಅಂಗಡಿ ಮುಚ್ಚುವ ಮುನ್ನ ಕಿರ್ದಿ ಬರೆದು, ಗಲ್ಲಾದ ರೊಕ್ಕ ಎಣಿಸಿ ತಾಳೆ ನೋಡುತ್ತಾನೆ. ರೊಕ್ಕ ಅವನದು, ಲೆಕ್ಕವೂ ಅವನದು. ಆದರೆ ಸಾವಿರಾರು ಜನರ ರೊಕ್ಕ ಒಂದೆಡೆ ಕೂಡಿದಾಗ ರೊಕ್ಕದ ಒಡೆಯ ಒಬ್ಬ, ಕಿರ್ದಿ ಬರೆಯುವವನು ಇನ್ನೊಬ್ಬ. ತೊಡಕು ಆರಂಭವಾಗುವುದು ಅಲ್ಲಿಯೇ.

ಕಂಪನಿಯ ಲೆಕ್ಕದ ಗೊಡವೆ ನಮಗೇಕೆ, ಎಂದು ಗಿರಣಿಯ ಕಾರ್ಮಿಕ ಬಂಧುಗಳು ಕೇಳಬಹುದು. ಕನಿಷ್ಠ ಬೋನಸ್ಸಿನ ಮೇಲೆ ಎಷ್ಟು ಸಿಗಬೇಕೆಂಬುದು ಲಾಭದ ಲೆಕ್ಕದಿಂದಲೇ ನಿರ್ಧಾರವಾಗುತ್ತದೆ. ಲೆಕ್ಕ ಸುಳ್ಳಾದರೆ ಕೂಲಿಯೂ ಸುಳ್ಳಾಯಿತು.

ಇದಕ್ಕೆ ಕಾಯಿದೆ ಒಂದು ಉಪಾಯ ಹೇಳಿದೆ. 2013ರ ಕಂಪನಿ ಕಾಯಿದೆಯ 177ನೆಯ ಕಲಮಿನಂತೆ, ಷೇರು ಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯಲ್ಲಿಯೂ ಲೆಕ್ಕಪರಿಶೋಧನಾ ಸಮಿತಿ ಇರಲೇಬೇಕು. ಅದರಲ್ಲಿ ಕನಿಷ್ಠ ಮೂವರು ನಿರ್ದೇಶಕರು. ಹೆಚ್ಚಿನವರು ಆಡಳಿತದ ಹಂಗಿಲ್ಲದವರು. ಹೆಚ್ಚಿನವರು ಲೆಕ್ಕಪತ್ರ ಓದಿ ತಿಳಿಯಬಲ್ಲವರು. ಲೆಕ್ಕಪತ್ರವನ್ನು ಮೊದಲೇ ಪರೀಕ್ಷಿಸುವುದು, ಒಡೆಯರ ನಂಟರೊಡನೆ ನಡೆದ ವ್ಯವಹಾರವನ್ನು ಕೆದಕಿ ನೋಡುವುದು, ಪರಿಶೋಧಕನ ಮಾತು ಕೇಳುವುದು ಅದರ ಕೆಲಸ. ಸಮಿತಿ ಹಂಗಿಲ್ಲದ್ದೂ ಬಲ್ಲವರದ್ದೂ ಆಗಿದ್ದಲ್ಲಿ ಲೆಕ್ಕದ ತಪ್ಪುಗಳು ಕಡಿಮೆಯೆಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ.

ಆದರೆ ಸಮಿತಿ ಇದ್ದ ಮಾತ್ರಕ್ಕೆ ಸಾಲದು. ಹೈದರಾಬಾದಿನ ಸತ್ಯಂ ಕಂಪನಿಯಲ್ಲಿ ಸಮಿತಿ ಇತ್ತು. ಹೆಸರಾಂತ ಪ್ರಾಧ್ಯಾಪಕರು ನಿರ್ದೇಶಕರಾಗಿದ್ದರು. ಆದರೂ 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ತಾನೇ ಒಪ್ಪಿಕೊಂಡ: ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ ಸುಮಾರು 5,040 ಕೋಟಿ ರೂಪಾಯಿ ಇರಲೇ ಇಲ್ಲ! ಬ್ಯಾಂಕಿಗೇ ನೇರವಾಗಿ ಬರೆದು ಕೇಳಿದ್ದರೆ ತಿಳಿಯುತ್ತಿದ್ದ ಸಂಗತಿ ಅದು.

ದೂರದ ಮಾತೇಕೆ? ಅಣ್ಣಿಗೇರಿಗೆ ಸಮೀಪದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂಥ ನಾಡು ನಮ್ಮದು. ಅದೇ ಸಹಕಾರದ ಹೆಸರು ಹೊತ್ತ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ತಡೆಯಿತು. ಜೀವಮಾನದ ಉಳಿತಾಯ ಇಟ್ಟಿದ್ದ ಮುದುಕರು ಬ್ಯಾಂಕಿನ ಬಾಗಿಲಲ್ಲಿ ನಿಲ್ಲಬೇಕಾಯಿತು.

ನವಲಗುಂದ, ಕುಂದಗೋಳ, ಕಲಘಟಗಿಯ ಸಂಘಗಳ ಸದಸ್ಯರಿಗೆ ನಮ್ಮ ಬಿನ್ನಹ ಇಷ್ಟೇ. 1959ರ ಸಹಕಾರ ಸಂಘಗಳ ಕಾಯಿದೆ ವರ್ಷ ವರ್ಷವೂ ಲೆಕ್ಕ ತಪಾಸಣೆಯನ್ನು ಕಡ್ಡಾಯ ಮಾಡಿದೆ. ವಾರ್ಷಿಕ ಸಭೆಗೆ ಬರಿಯ ಊಟಕ್ಕೂ ಲಾಭಾಂಶಕ್ಕೂ ಹೋಗಬೇಡಿರಿ. ತಪಾಸಣೆಯ ವರದಿ ಓದಿಸಿರಿ. ಬ್ಯಾಂಕಿನಲ್ಲಿರುವ ಶಿಲ್ಕನ್ನು ಯಾರು ತಾಳೆ ನೋಡಿದರು, ಬಾಕಿ ಬಿದ್ದ ದೊಡ್ಡ ಸಾಲ ಯಾರದು, ನಿರ್ದೇಶಕರ ನಂಟರಿಗೆ ಎಷ್ಟು ಹೋಗಿದೆ ಎಂದು ಎದ್ದು ನಿಂತು ಕೇಳಿರಿ. ನೀವು ಕೇಳದಿದ್ದರೆ ಯಾವ ಸಮಿತಿಯೂ ಕೇಳಲಾರದು.