ಕೋಳಿಗಿರುವ ಮನೆ ಗೂಳಿಗಿಲ್ಲ

ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಎದುರುಬದುರು ಬಂದವರ ಭುಜಕ್ಕೆ ಭುಜ ತಾಗುತ್ತದೆ. ಬಳೆ, ರುದ್ರಾಕ್ಷಿ, ಪೇಡೆಯ ಅಂಗಡಿಗಳ ನಡುವಿನ ಆ ಓಣಿಗೆ ಗೂಳಿಯೊಂದು ನುಗ್ಗಿದರೆ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ. ಕೆಲವರು ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಕೆಲವರು ಬಾಳೆಹಣ್ಣು ತಿನ್ನಿಸುತ್ತಾರೆ. ಜಂಗಮವಾಡಿ ಮಠದಲ್ಲಿ ಇಳಿದುಕೊಂಡು ದರ್ಶನಕ್ಕೆ ಬರುವ ಕನ್ನಡದ ಯಾತ್ರಿಕರೂ ಅವರಲ್ಲಿರುತ್ತಾರೆ. ಆ ಗೂಳಿ ಯಾರದು, ರಾತ್ರಿ ಎಲ್ಲಿ ಮಲಗುತ್ತದೆ, ಗಾಯವಾದರೆ ಯಾರು ನೋಡುತ್ತಾರೆ ಎಂದು ಕೇಳಿದರೆ ಸಿದ್ಧ ಉತ್ತರವಿದೆ: ವಿಶ್ವನಾಥನದು. ಇದಕ್ಕಿಂತ ಅನುಕೂಲದ ಉತ್ತರ ಇನ್ನೊಂದಿಲ್ಲ. ದೇವರ ಹೆಸರಿಗೆ ಬರೆದುಬಿಟ್ಟ ಮೇಲೆ ಮೇವಿನ ಲೆಕ್ಕ ಕೇಳುವವರಿರುವುದಿಲ್ಲ.

ಇದನ್ನು ಕರ್ನಾಟಕದ ಹಳ್ಳಿಯ ಕೋಳಿಯ ಪಕ್ಕ ಇಟ್ಟು ನೋಡಬೇಕು. ಸಾಕಲು ಆಗದಿದ್ದಾಗ ಹೇಂಟೆಯನ್ನು ಇನ್ನೊಂದು ಮನೆಗೆ ಪಾಲಿಗೆ ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಮರಿಯಾದರೆ ಇಷ್ಟು ಕೊಟ್ಟವರಿಗೆ, ಇಷ್ಟು ಸಾಕಿದವರಿಗೆ. ಕಾವಿಗೆ ಕೂರಿಸುವುದು, ನುಚ್ಚು ಹಾಕುವುದು, ಸಂಜೆ ಎಣಿಸಿ ಗೂಡು ಮುಚ್ಚುವುದು ಸಾಕುವವರ ಹೊಣೆ. ಬೆಕ್ಕು ಹಿಡಿದರೆ, ರೋಗ ಬಂದು ಸತ್ತರೆ ಕೊಟ್ಟವರಿಗೆ ಹೇಳಬೇಕು. ಕಾಗದವಿಲ್ಲ, ಸಹಿಯಿಲ್ಲ, ಆದರೂ ಅದು ಕರಾರು. ಆ ಕೋಳಿ ಕೊನೆಗೆ ಸಾರಿಗೆ ಹೋಗುತ್ತದೆ, ನಿಜ. ಬದುಕಿರುವಷ್ಟು ದಿನ ಅದಕ್ಕೊಂದು ಗೂಡಿರುತ್ತದೆ, ಎಣಿಸುವವರೊಬ್ಬರು ಇರುತ್ತಾರೆ. ಕೈ ಮುಗಿಸಿಕೊಳ್ಳುವ ಗೂಳಿಗೆ ಇಷ್ಟೂ ಇಲ್ಲ.

ಸತ್ತವರ ಹೆಸರಿನಲ್ಲಿ ಹೋರಿ ಬಿಡುವ ವೃಷೋತ್ಸರ್ಗ ಶಾಸ್ತ್ರದಲ್ಲೇ ಇದೆ ಎನ್ನುವವರಿದ್ದಾರೆ. ಇರಲಿ. ಹಾಗೆ ಬಿಟ್ಟ ಹೋರಿಗೆ ಮೇಯಲು ಗೋಮಾಳವಿತ್ತು, ಊರ ಹಸುಗಳಿಗೆ ಅದು ಬೇಕಾಗಿತ್ತು. ಹಳೇ ಮೈಸೂರು ಸೀಮೆಯ ದೇವರ ಬಸವನಿಗೆ ಇಂದಿಗೂ ಊರಿದೆ, ಗುಡಿಯಿದೆ, ನೋಡಿಕೊಳ್ಳುವವರಿದ್ದಾರೆ. ಸತ್ತರೆ ಊರೇ ಸೇರಿ ಮಣ್ಣು ಮಾಡುತ್ತದೆ. ಅಲ್ಲಿ ಬಿಡುವುದೆಂದರೆ ಒಂದು ಮನೆಯ ಪ್ರಾಣಿಯನ್ನು ಊರಿಗೆ ಒಪ್ಪಿಸುವುದು. ಕಲ್ಲು ಹಾಸಿದ ಗಲ್ಲಿಯಲ್ಲಿ ಒಪ್ಪಿಸಿಕೊಳ್ಳುವವರು ಯಾರು? ಅಲ್ಲಿನ ಮೇವು ಬಾಡಿದ ಹೂಮಾಲೆ, ಎಂಜಲು ದೊನ್ನೆ, ಪ್ಲಾಸ್ಟಿಕ್ ಚೀಲ. ಪ್ಲಾಸ್ಟಿಕ್ ಕರಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆಗಟ್ಟಿ ಕೂರುತ್ತದೆ. ಹೊಟ್ಟೆ ತುಂಬಿದ್ದೂ ದನ ಹಸಿವಿನಿಂದ ಸಾಯುತ್ತದೆ.

ತಪ್ಪನ್ನು ರೈತನ ತಲೆಗೆ ಕಟ್ಟುವುದು ಸುಲಭ. ಉಳಲು ಟ್ರ್ಯಾಕ್ಟರ್ ಬಂತು, ಹಸು ಕಟ್ಟಿಸಲು ಕೃತಕ ಗರ್ಭಧಾರಣೆ ಬಂತು. ಗಂಡುಗರುವಿಗೆ ಕೆಲಸವಿಲ್ಲ, ಬತ್ತಿದ ಹಸುವಿಗೆ ಗಿರಾಕಿಯಿಲ್ಲ. ಉತ್ತರ ಪ್ರದೇಶ ತನ್ನ 1955ರ ಗೋಹತ್ಯೆ ತಡೆ ಕಾಯ್ದೆಯನ್ನು 2020ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಕರ್ನಾಟಕದ ಹೊಸ ಕಾನೂನು 2021ರಲ್ಲಿ ಜಾರಿಗೆ ಬಂತು. ದನವನ್ನು ಕಸಾಯಿಖಾನೆಯಿಂದ ತಪ್ಪಿಸಿದ ಕಾನೂನು ಅದಕ್ಕೆ ಕೊಟ್ಟಿಗೆ ಕಟ್ಟಿಕೊಡಲಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 50 ಲಕ್ಷ ಬೀಡಾಡಿ ದನಗಳಿದ್ದವು. ಉತ್ತರ ಪ್ರದೇಶವೊಂದರಲ್ಲೇ 11 ಲಕ್ಷಕ್ಕೂ ಹೆಚ್ಚು. ಇಷ್ಟೂ ದನಗಳನ್ನು ಯಾರೋ ಒಬ್ಬರು ಒಂದು ದಿನ ಹಗ್ಗ ಬಿಚ್ಚಿ ಕಳಿಸಿದ್ದಾರೆ, ಇಲ್ಲವೇ ಹಾಗೆ ಕಳಿಸಿದ ದನಗಳಿಗೆ ಅವು ಹುಟ್ಟಿವೆ.

ಸರ್ಕಾರಗಳು ಮನೆ ಹುಡುಕಲು ಹೊರಟಿದ್ದೂ ಉಂಟು. ಬೀಡಾಡಿ ದನವನ್ನು ಮನೆಗೆ ಒಯ್ದು ಸಾಕುವವರಿಗೆ ದಿನಕ್ಕೆ 30 ರೂಪಾಯಿ ಎಂದು ಉತ್ತರ ಪ್ರದೇಶ 2019ರಲ್ಲಿ ಯೋಜನೆ ಮಾಡಿತು. ಆಮೇಲೆ ಅದು 50ಕ್ಕೆ ಏರಿತು. ಕರ್ನಾಟಕ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ತಂದಿತು: ವರ್ಷಕ್ಕೆ 11,000 ರೂಪಾಯಿ ಕಟ್ಟಿದವರು ಗೋಶಾಲೆಯ ಒಂದು ಹಸುವಿನ ಪೋಷಕರು. ಭಾಗಿಸಿದರೆ ದಿನಕ್ಕೆ ಅದೇ 30 ರೂಪಾಯಿ. 300 ಕಿಲೋ ತೂಗುವ ದನಕ್ಕೆ ದಿನಕ್ಕೆ ಆರೇಳು ಕಿಲೋ ಒಣಮೇವಿಗೆ ಸಮನಾದ ಆಹಾರ ಬೇಕು. ನೀರು, ನೆರಳು, ಔಷಧಿ, ಸಗಣಿ ಬಾಚುವವರ ಕೂಲಿ ಬೇರೆ. ಹುಲ್ಲಿನ ಬೆಲೆ ಬಲ್ಲ ಯಾವ ರೈತನೂ ಈ ಲೆಕ್ಕ ಒಪ್ಪಲಾರ. ಇನ್ನು ಹಣ ಕಟ್ಟಿದವರು ಹಸುವಿನ ಮುಖವನ್ನೂ ನೋಡಬೇಕಾಗಿಲ್ಲ. ಅದನ್ನು ದತ್ತು ಎನ್ನುವುದು ದತ್ತು ಎಂಬ ಮಾತಿಗೇ ಅವಮಾನ.

ಆ ಹೆಸರು ಬಂದ ಕಥೆಯನ್ನಾದರೂ ನೆನಪಿಸಿಕೊಳ್ಳಬೇಕಿತ್ತು. ಪುಣ್ಯಕೋಟಿ ಹುಲಿಯ ಬಳಿಗೆ ಮರಳುವ ಮುನ್ನ ಕರುವನ್ನು ದೊಡ್ಡಿಯಲ್ಲಿ ಸುಮ್ಮನೆ ಬಿಟ್ಟು ಹೋಗಲಿಲ್ಲ. ಒಡನಾಡಿ ಹಸುಗಳನ್ನು ಕರೆದು, ನೋಡಿಕೊಳ್ಳಿ ಎಂದು ಒಪ್ಪಿಸಿ ಹೋದಳು.

ಆ ಒಪ್ಪಿಸುವ ಕೆಲಸ ಈಗ ನಡೆಯಬೇಕು. ದನದ ಕಿವಿಗೆ ಹಾಕುವ 12 ಅಂಕಿಯ ಓಲೆ ವಿಮೆಗೆ, ಲಸಿಕೆಗೆ ಬಳಕೆಯಾಗುವಂತೆ ಒಡೆತನದ ಲೆಕ್ಕಕ್ಕೂ ಬಳಕೆಯಾಗಲಿ. ಒಂದು ಕೈಯಿಂದ ಬಿಟ್ಟದ್ದು ಯಾವ ಕೈ ಸೇರಿತೆಂದು ಬರೆದಿಡಲಿ. ಒತ್ತುವರಿಯಾದ ಗೋಮಾಳ ದನಗಳಿಗೇ ಮರಳಲಿ. ಮೇವಿನ ನಿಜವಾದ ಬೆಲೆಯನ್ನು ಕಾನೂನು ತಂದ ಸರ್ಕಾರವೇ ರೈತನ ಕೈಗೆ ಕೊಡಲಿ. ಗೂಳಿಗೆ ಬಾಳೆಹಣ್ಣು ಕೊಟ್ಟು ಪುಣ್ಯ ಪಡೆದೆವೆನ್ನುವ ಯಾತ್ರಿಕರು ಊರಿಗೆ ಮರಳಿ, ತಮ್ಮೂರಿನ ಒಂದು ಮುದಿ ಎತ್ತಿನ ವರ್ಷದ ಹುಲ್ಲಿಗೆ ಹಣ ಕೊಡಲಿ, ತಿಂಗಳಿಗೊಮ್ಮೆ ಹೋಗಿ ನೋಡಿ ಬರಲಿ. ಅಷ್ಟು ಆಗದಿದ್ದರೆ ಗೋಮಾತೆ ಎಂಬ ಮಾತನ್ನಾದರೂ ಸ್ವಲ್ಪ ಕಡಿಮೆ ಆಡಲಿ.