ಕುಂಟೆತ್ತಿಗೆ ಓಣಿ ಬೇಕು

ಇಳಕಲ್ಲಿನಲ್ಲಿರುವ ನಮ್ಮಕ್ಕ ತನ್ನಿಬ್ಬರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಾಳೆ. ದೊಡ್ಡವನನ್ನು ಬಾಲವಾಡಿಗೆ ಹಾಕಬೇಕು ಅನ್ನುವಷ್ಟರಲ್ಲಿ 2020ರ ಕೊರೊನಾ ಬಂತು. ಶಾಲೆ ಮತ್ತೆ ತೆರೆದರೂ ಮನೆಪಾಠ ನಿಲ್ಲಲಿಲ್ಲ. ಅವನಿಗೀಗ ಒಂಬತ್ತು, ತಂಗಿಗೆ ಆರು. ಬೆಂಗಳೂರಲ್ಲಿ ಕೋಡ್ ಕುಟ್ಟುವ ಈ ಮಾಮನಿಗಿಂತ ಇಬ್ಬರೂ ಚೆನ್ನಾಗಿ ಮಗ್ಗಿ ಹೇಳುತ್ತಾರೆ. ಹಾಗಾಗಿ ನನ್ನ ತಕರಾರು ಮನೆಪಾಠದ ಮೇಲಲ್ಲ, ಹಬ್ಬದ ಮೇಲೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ನಮ್ಮ ಕಡೆಯವರಲ್ಲದವರಿಗೆ ಹೇಳಬೇಕೆಂದರೆ, ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣಿನ ಜೋಡೆತ್ತು ಮಾಡಿ, ಮುಂದೊಂದು ಗ್ವಾದಲಿ ಇಟ್ಟು ಪೂಜೆ ಮಾಡ್ತೀವಿ. ಪೇಟೆಯಲ್ಲಿ ಬಣ್ಣ ಬಳಿದ ಎತ್ತು ಸಿಗುತ್ತವೆ. ಅಕ್ಕ ಮಾತ್ರ ಹುನಗುಂದದ ಹೊಲದಿಂದ ಎರೆಮಣ್ಣು ತರಿಸಿದ್ದಳು. ಭಲೇ ಅಂದುಕೊಂಡೆ. ಆಮೇಲೆ ನೋಡಿದರೆ ಗೋಡೆ ಮೇಲೆ ಚಾರ್ಟು! ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು, ಹುನಗುಂದದ ಎರೆ... ಕೆಳಗೆ ಎತ್ತಿನ ಅಂಗಾಂಗಗಳ ಹೆಸರು, ಮೂರು ಭಾಷೆಯಲ್ಲಿ.

ನಾನೂ ಸುಮ್ಮನಿರಲಿಲ್ಲ ಬಿಡಿ. ಒಣಗುತ್ತಾ ಒಂದು ಎತ್ತಿನ ಕಾಲು ಬಿರುಕು ಬಿಟ್ಟಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಬೇಸಿಗೆಯಲ್ಲಿ ಹೊಲ ಬಿರಿಯೋದೂ ಇದಕ್ಕೇ ಅಂತ ಭಾಷಣ ಶುರು ಮಾಡಿದೆ. ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಬೇಡವೇ :-)

ಹುಡುಗ ಮೆಲ್ಲಗೆ ಕೇಳಿದ, "ಮಾಮಾ, ಇದೂ ಪಾಠ ಏನು?"

ಬಾಯಿ ಮುಚ್ಚಿತು. ನಮಗೆಲ್ಲ ಹಬ್ಬ ಅಂದರೆ ಪಾಠ ಇಲ್ಲದ ದಿನ. ಮನೆಯೇ ಶಾಲೆಯಾದ ಮಕ್ಕಳಿಗೆ ಆ ರಜೆ ಯಾರು ಕೊಡಬೇಕು?

ಇನ್ನೊಂದು ಇದೆ, ಅದೇ ದೊಡ್ಡದು. ನಾವು ಸಣ್ಣವರಿದ್ದಾಗ ಮರುದಿನ ಕಾಲು ಮುರಿದ ಕುಂಟೆತ್ತು ಹಿಡಿದು, ಹಾಡುತ್ತಾ ಮನೆ ಮನೆಗೆ ಹೋಗಿ ಜೋಳ ಕೇಳುತ್ತಿದ್ದೆವು. ಅಮಾವಾಸ್ಯೆಯ ಪೂಜೆಗಿಂತ ನನಗೆ ನೆನಪಿರೋದು ಅದೇ. ಅಕ್ಕನ ಮನೆಯಲ್ಲಿ ಅದು ಇಲ್ಲವೇ ಇಲ್ಲ. 2020ರ ಜೂನ್ 21ಕ್ಕೆ ಈ ಅಮಾವಾಸ್ಯೆ ಬಂದಿತ್ತು, ಅವತ್ತೇ ಸೂರ್ಯಗ್ರಹಣ, ಮೇಲೆ ಕೊರೊನಾ. ಆಗ ಬಾಗಿಲು ಹಾಕಿಕೊಂಡದ್ದು ಸರಿ. ಈಗ ಯಾಕೆ?

"ಹುಡುಗ್ರಿಗೆ ಬೇಡೂದು ಕಲಸ್ತಿ ಏನೋ?" ಅಂದಳು ಅಕ್ಕ.

ಬೇಡೋದಲ್ಲಕ್ಕಾ. ಮಂದಿ ಬಾಗಿಲಲ್ಲಿ ನಿಂತು ಗಂಟಲು ಬಿಚ್ಚಿ ಹಾಡೋದು, ಒಬ್ಬರು ಬೈದರೆ ನಗುತ್ತಾ ಮುಂದಿನ ಮನೆಗೆ ಹೋಗೋದು. ಇದಕ್ಕೆ ಚಾರ್ಟ್ ಬರೆಯೋಕಾಗಲ್ಲ. ಮನೆಯಲ್ಲೇ ಕಲಿಸುವ ಗೆಳೆಯರು ಬೈಯಬಹುದು, ಬೈಯಲಿ. ಅವರ ಮಕ್ಕಳಿಗೆ ಓಣಿ ಉಳಿದವರಿಗಿಂತ ಹೆಚ್ಚು ಬೇಕು ಅನ್ನೋದು ನನ್ನ ವಾದ.

ಆ ಬಿರುಕು ಬಿಟ್ಟ ಎತ್ತನ್ನೇ ಹಿಡಿದು ಮರುದಿನ ಮೂವರೂ ಹೊರಟೆವು. ಹಾಡು ಅರ್ಧ ನನಗೇ ಮರೆತಿತ್ತು. ನಾಲ್ಕನೇ ಬಾಗಿಲಲ್ಲಿ ಒಬ್ಬ ಅಜ್ಜಿ ಬೊಗಸೆ ತುಂಬ ಜೋಳ ಹಾಕಿ ಮಕ್ಕಳನ್ನು ಕೇಳಿದರು, "ಯಾರ ಮಕ್ಳಪಾ ನೀವು?"

ನಾಲ್ಕೇ ಮನೆ ಆಚೆ!

ಅಕ್ಕನಿಗೆ ಇದನ್ನಿನ್ನೂ ಹೇಳಿಲ್ಲ. ಇಲ್ಲೇ ಓದಿಕೊಳ್ಳಲಿ.