ಗಿರಣಿಯ ಮೂಲೆಯಲ್ಲಿನ ಸರ್ವರ್: ಬೆಲೆ ಯಾವುದು, ಉಳಿತಾಯ ಯಾವುದು?

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಕಿರ್ದಿ ಪುಸ್ತಕಕ್ಕೆ ಅರಿಷಿಣ-ಕುಂಕುಮ ಏರಿಸುವ ಪದ್ಧತಿ ಉತ್ತರ ಕರ್ನಾಟಕದ ವ್ಯಾಪಾರಸ್ಥರಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಈಗ ಅನೇಕ ಅಂಗಡಿಗಳಲ್ಲಿ ಆ ಪೂಜೆ ಗಣಕಯಂತ್ರಕ್ಕೂ ಸಲ್ಲುತ್ತದೆ. ಆದರೆ ಒಂದು ವ್ಯತ್ಯಾಸ ಗಮನಾರ್ಹವಾಗಿದೆ. ಹಿಂದಿನ ಯಜಮಾನರು ಖಾತೆ ಪುಸ್ತಕವನ್ನು ರಾತ್ರಿ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಇಂದು ಅದೇ ಖಾತೆ, ಅದೇ ಉದ್ರಿ ಬಾಕಿ, ಅದೇ ದಾಸ್ತಾನಿನ ವಿವರ ಮೇಜಿನ ಕೆಳಗೆ ಧೂಳು ತಿನ್ನುತ್ತಿರುವ ಒಂದು ಪೆಟ್ಟಿಗೆಯಲ್ಲಿರುತ್ತದೆ. ಆ ಪೆಟ್ಟಿಗೆಯನ್ನು ಕೊಳ್ಳುವಾಗ ಕೇಳಲಾಗುವ ಪ್ರಶ್ನೆ ಬಹುತೇಕ ಒಂದೇ: ‘ಎಲ್ಲಕ್ಕಿಂತ ಕಡಿಮೆ ಬೆಲೆಯದು ಯಾವುದು?’

ಈ ಪ್ರಶ್ನೆ ಅಪೂರ್ಣವಾದುದು. ಸಣ್ಣ ಉದ್ಯಮಕ್ಕೆ ಅಗ್ಗದ ಸರ್ವರ್ ಯಾವುದೆಂಬುದನ್ನು ಕೊಂಡ ದಿನದ ಬಿಲ್ಲಿನಿಂದ ಅಳೆಯಲಾಗದು. ಯಂತ್ರ ಕೆಟ್ಟ ದಿನ ಎಷ್ಟು ತಾಸಿನಲ್ಲಿ ವ್ಯವಹಾರ ಮತ್ತೆ ಆರಂಭವಾಗುತ್ತದೆ ಎಂಬುದೇ ಅದರ ನಿಜವಾದ ಅಳತೆ.

ತಂಬೂರಿನ ಉದಾಹರಣೆ

ಕಲಘಟಗಿ ತಾಲೂಕಿನ ತಂಬೂರು ಬಸವಣ್ಣನ ಗುಡಿಗೂ ಕೆರೆಗೂ ಹೆಸರಾದ ಊರು. ಮಲೆನಾಡಿನ ಅಂಚಿನಲ್ಲಿರುವ ಈ ಭಾಗದಲ್ಲಿ ಭತ್ತ ಹಾಗೂ ಗೋವಿನಜೋಳ ಮುಖ್ಯ ಬೆಳೆಗಳು. ಇಂತಹ ಊರಿನಲ್ಲಿ ಒಂದು ಅಕ್ಕಿ ಗಿರಣಿ ಇದೆಯೆಂದೂ, ಅದರಲ್ಲಿ ತೂಕದ ಕಟ್ಟೆ, ಕಚೇರಿ ಮತ್ತು ಗೋದಾಮು ಸೇರಿ ನಾಲ್ಕೈದು ಗಣಕಯಂತ್ರಗಳು ಇವೆಯೆಂದೂ ಇಟ್ಟುಕೊಂಡರೆ, ವಿಷಯ ಸ್ಪಷ್ಟವಾಗುತ್ತದೆ. ತೂಕದ ಚೀಟಿ, ರೈತರಿಗೆ ಕೊಡಬೇಕಾದ ಹಣ, ಮಾರಾಟದ ಬಿಲ್ಲು ಎಲ್ಲವೂ ಒಂದೇ ಲೆಕ್ಕದಲ್ಲಿ ಕೂಡಬೇಕು. ಸುಗ್ಗಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಾಗ ಸರ್ವರ್ ನಿಂತುಹೋದರೆ ರೈತನಿಗೆ ‘ನಾಳೆ ಬನ್ನಿ’ ಎನ್ನಬೇಕಾಗುತ್ತದೆ. ಆ ರೈತ ಮರುದಿನ ಬೇರೆ ಗಿರಣಿಯತ್ತ ಹೊರಟರೆ ಆಶ್ಚರ್ಯವಿಲ್ಲ.

ಕಾನೂನಿನ ಹೊಣೆಯೂ ಹೆಚ್ಚುತ್ತ ಬಂದಿದೆ. ರಾಜ್ಯದೊಳಗಿನ ಸಾಗಣೆಗೆ ಇ-ವೇ ಬಿಲ್ ಪದ್ಧತಿಯನ್ನು 2018ರ ಏಪ್ರಿಲ್ 1ರಂದೇ ಜಾರಿಗೆ ತಂದ ರಾಜ್ಯ ಕರ್ನಾಟಕ. 25 ಕಿಲೋವರೆಗಿನ, ಮುಂಚಿತವಾಗಿ ಚೀಲ ಕಟ್ಟಿ ಚೀಟಿ ಹಚ್ಚಿದ ಅಕ್ಕಿ 2022ರ ಜುಲೈ 18ರಂದು ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಗೆ ಬಂದಿತು. ಐದು ಕೋಟಿ ರೂಪಾಯಿಗೂ ಮೀರಿದ ವಾರ್ಷಿಕ ವಹಿವಾಟಿನವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ತೆರಿಗೆ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಕಂಪನಿಯಾಗಿ ನೋಂದಾಯಿತರಾದವರ ಲೆಕ್ಕದ ತಂತ್ರಾಂಶದಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕಾಗಿದೆ. ಅವರ ಲೆಕ್ಕದ ಬ್ಯಾಕಪ್ ಪ್ರತಿಯು ದಿನವೂ ಭಾರತದೊಳಗಿರುವ ಸರ್ವರಿಗೆ ಸೇರಬೇಕಾಗಿದೆ. ‘ಹಾರ್ಡ್ ಡಿಸ್ಕ್ ಸುಟ್ಟುಹೋಯಿತು’ ಎಂಬ ಉತ್ತರದಿಂದ ಈ ಹೊಣೆ ತಪ್ಪುವುದಿಲ್ಲ.

ಸರ್ವರ್ ಯಾರಿಗೆ ಬೇಕು?

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಒಬ್ಬರೇ ಕುಳಿತು ಬಿಲ್ಲು ಬರೆಯುವ ಅಂಗಡಿಗೆ ಸರ್ವರ್ ಬೇಕಾಗಿಲ್ಲ. ಒಂದು ಉತ್ತಮ ಗಣಕಯಂತ್ರ, ಒಂದು ಯುಪಿಎಸ್, ಪ್ರತಿ ಸಂಜೆ ತೆಗೆಯುವ ಒಂದು ಬ್ಯಾಕಪ್ ಇಷ್ಟು ಸಾಕು. ಇಂತಹ ಗಿರಾಕಿಗೆ ಸರ್ವರ್ ಮಾರುವ ಹುಬ್ಬಳ್ಳಿಯ ಗಣಕಯಂತ್ರ ವ್ಯಾಪಾರಿ ಒಂದು ಬಿಲ್ಲು ಗಳಿಸಬಹುದು. ಗಿರಾಕಿಯ ವಿಶ್ವಾಸವನ್ನು ಉಳಿಸಿಕೊಳ್ಳುವುದು ಕಷ್ಟ. ಮೂರಕ್ಕೂ ಹೆಚ್ಚು ಮಂದಿ ಏಕಕಾಲಕ್ಕೆ ಒಂದೇ ಲೆಕ್ಕದಲ್ಲಿ ಕೆಲಸ ಮಾಡುವಲ್ಲಿ ಮಾತ್ರ ಪ್ರತ್ಯೇಕ ಸರ್ವರಿನ ವಿಚಾರ ಹುಟ್ಟುತ್ತದೆ.

ಅಂಥವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಮೊದಲನೆಯದು ಮಾಮೂಲಿ ಗಣಕಯಂತ್ರವನ್ನೇ ಸರ್ವರ್ ಎಂದು ಕರೆಯುವುದು. ಎರಡನೆಯದು ಎರಡು ಡಿಸ್ಕುಗಳ ಪುಟ್ಟ ಸಂಗ್ರಹ ಪೆಟ್ಟಿಗೆ, ಅಂದರೆ ‘ನ್ಯಾಸ್’. ಮೂರನೆಯದು ಸಣ್ಣ ಟವರ್ ಸರ್ವರ್. ನಾಲ್ಕನೆಯದು ದೊಡ್ಡ ಕಂಪನಿಗಳು ಬಳಸಿ ಬಿಟ್ಟು, ದುರಸ್ತಿಗೊಂಡು ಮಾರಾಟಕ್ಕೆ ಬರುವ ರ‍್ಯಾಕ್ ಸರ್ವರ್. ಕೊನೆಯದು ನೋಡಲು ಬಲು ಆಕರ್ಷಕ: ಕಡಿಮೆ ಹಣಕ್ಕೆ ಹೆಚ್ಚು ಮೆಮೊರಿ, ಹೆಚ್ಚು ಶಕ್ತಿ. ಆದರೆ ಹವಾನಿಯಂತ್ರಿತ ಕೋಣೆಗಾಗಿ ನಿರ್ಮಿತವಾದ ಅದರ ಪಂಖಗಳ ಸದ್ದು ಸಣ್ಣ ಕಚೇರಿಯಲ್ಲಿ ಸಹಿಸಲಸಾಧ್ಯ. ಬಿಡಿಭಾಗ ಕೆಟ್ಟರೆ ಹತ್ತಿರದಲ್ಲಿ ಸಿಗುವ ಭರವಸೆಯೂ ಇಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ಹಾಕಬೇಕು. ಸದಾ 150 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 3.6 ಯೂನಿಟ್, ವರ್ಷಕ್ಕೆ ಸುಮಾರು 1,314 ಯೂನಿಟ್ ಬಳಸುತ್ತದೆ. 40 ವ್ಯಾಟ್ ಸಾಕೆನ್ನುವ ಯಂತ್ರ ವರ್ಷಕ್ಕೆ ಸುಮಾರು 350 ಯೂನಿಟ್‌ನಲ್ಲಿ ಮುಗಿಸುತ್ತದೆ. ಐದು ವರ್ಷಗಳಲ್ಲಿ ಈ ಅಂತರ 4,800 ಯೂನಿಟ್ ಮೀರುತ್ತದೆ. ಅಗ್ಗವೆಂದು ಕೊಂಡದ್ದು ಹೆಸ್ಕಾಂ ಬಿಲ್ಲಿನ ಮೂಲಕ ತನ್ನ ಬೆಲೆಯನ್ನು ವಸೂಲು ಮಾಡಿಕೊಳ್ಳುತ್ತದೆ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದೂ ಇದನ್ನೇ ಅವಲಂಬಿಸಿದೆ.

ಆದ್ದರಿಂದ ನಾಲ್ಕೈದು ಮಂದಿಯ ಗಿರಣಿಗೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿಯುಳ್ಳ, ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿ ಬರೆಯುವ, ವಾರಂಟಿ ಬಾಕಿಯಿರುವ ಸಣ್ಣ ಟವರ್ ಸರ್ವರ್ ಸೂಕ್ತ. ಅಷ್ಟು ಹಣವಿಲ್ಲದಿದ್ದರೆ ಹೊಸದಾದ ಸಾಧಾರಣ ಗಣಕಯಂತ್ರಕ್ಕೆ ಎರಡು ಡಿಸ್ಕು ಜೋಡಿಸಿ ಬಳಸುವುದರಲ್ಲಿ ಅವಮಾನವೇನಿಲ್ಲ. ಕೇವಲ ಕಡತಗಳನ್ನು ಹಂಚಿಕೊಳ್ಳುವುದಾದರೆ ನ್ಯಾಸ್ ಸಾಕು. ಲೆಕ್ಕದ ತಂತ್ರಾಂಶ ಅದರ ಮೇಲೆ ಸರಿಯಾಗಿ ನಡೆಯುತ್ತದೆಯೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ತಂತ್ರಾಂಶದವರಿಂದ ತಿಳಿಯತಕ್ಕದ್ದು.

ತಂತ್ರಾಂಶದ ಖರ್ಚನ್ನೂ ಮರೆಯಲಾಗದು. ವಿಂಡೋಸ್ ಸರ್ವರಿನ ಎಸೆನ್ಷಿಯಲ್ಸ್ ಆವೃತ್ತಿ 25 ಬಳಕೆದಾರರವರೆಗೆ ಪ್ರತ್ಯೇಕ ಪ್ರವೇಶ ಪರವಾನಗಿ ಬೇಡುವುದಿಲ್ಲ. ಲಿನಕ್ಸ್ ಮತ್ತು ಸಾಂಬಾ ಉಚಿತವಾಗಿ ದೊರೆಯುತ್ತವೆ. ಆದರೆ ಅವುಗಳನ್ನು ಬಲ್ಲವರು ಕರೆದಾಗ ಬರುವಷ್ಟು ಸಮೀಪದಲ್ಲಿರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿದೆ. ಹಳೆಯ ಯಂತ್ರವನ್ನೇ ಸರ್ವರ್ ಮಾಡಹೊರಟವರು ಇದನ್ನು ಗಮನಿಸಬೇಕು.

ಕರೆಂಟು, ಸಿಡಿಲು, ಹೊಟ್ಟು

ಗ್ರಾಮೀಣ ಭಾಗದಲ್ಲಿ ಸರ್ವರಿನ ಶತ್ರುಗಳು ಬೇರೆಯೇ ಇವೆ. ಗಿರಣಿಯ ಮೋಟಾರನ್ನು ನೇರವಾಗಿ ಚಾಲೂ ಮಾಡಿದಾಗ ಅದು ಕ್ಷಣಕಾಲ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿಯುತ್ತದೆ. ಬರೆಯುತ್ತಿರುವ ಡಿಸ್ಕಿಗೆ ಇಂತಹ ಪ್ರತಿಯೊಂದು ಕುಸಿತವೂ ಅಪಾಯಕಾರಿ. ಸರ್ವರಿಗೆ ಮೋಟಾರಿನ ಸಾಲಿನಿಂದ ಬೇರೆಯಾದ ವೈರಿಂಗ್ ಇರಬೇಕು. ಸದಾ ಇನ್ವರ್ಟರಿನ ಮೂಲಕವೇ ಕರೆಂಟು ಕೊಡುವ ‘ಆನ್‌ಲೈನ್’ ಮಾದರಿಯ ಯುಪಿಎಸ್ ಇದ್ದರೆ ಇನ್ನೂ ಒಳಿತು. ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನಾಗಿಯೇ ಕ್ರಮಬದ್ಧವಾಗಿ ಬಂದ್ ಆಗುವಂತೆ ಯುಪಿಎಸ್ಸಿನ ಕೇಬಲ್ ಜೋಡಿಸುವುದು ಕೆಲವೇ ನಿಮಿಷಗಳ ಕೆಲಸ. ಅದನ್ನು ಬಿಟ್ಟುಬಿಡುವುದೇ ರೂಢಿಯಾಗಿದೆ.

ಮುಂಗಾರಿನ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದಲೂ ಬರಬಹುದು, ಗೋದಾಮಿಗೆ ಎಳೆದ ನೆಟ್‌ವರ್ಕ್ ತಂತಿಯಿಂದಲೂ ಬರಬಹುದು. ಸರಿಯಾದ ಅರ್ಥಿಂಗ್ ಇಲ್ಲದ ಕಟ್ಟಡದಲ್ಲಿ ದುಬಾರಿ ಸರ್ವರ್ ಇಡುವುದು ಬಾಗಿಲಿಲ್ಲದ ಮನೆಗೆ ಬೀಗ ತಂದಂತೆ. ಇನ್ನು ಹೊಟ್ಟು ಮತ್ತು ತೌಡಿನ ಧೂಳು ಪಂಖಗಳನ್ನು ಮುಚ್ಚಿ ಯಂತ್ರವನ್ನು ಕಾಯಿಸುತ್ತದೆ. ಗಿರಣಿಯಿಂದ ದೂರದ, ಗಾಳಿಯಾಡುವ ಕೋಣೆಯನ್ನು ಆರಿಸಿ ತಿಂಗಳಿಗೊಮ್ಮೆ ಧೂಳು ತೆಗೆಯಿಸಿದರೆ ಯಂತ್ರದ ಆಯುಷ್ಯ ಖಂಡಿತ ಹೆಚ್ಚುತ್ತದೆ.

ಎರಡು ಡಿಸ್ಕು ಬ್ಯಾಕಪ್ ಅಲ್ಲ

‘ಎರಡು ಡಿಸ್ಕು ಇವೆ, ಭಯವಿಲ್ಲ’ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ ಎಂಬುದು ನಿಜ. ಆದರೆ ಗುಮಾಸ್ತನು ಕೈತಪ್ಪಿ ಅಳಿಸಿದ ಖಾತೆ ಎರಡರಿಂದಲೂ ಆ ಕ್ಷಣವೇ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ‘ವಾನಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದೆ ಬಿಟ್ಟವರು ತೊಂದರೆಗೊಳಗಾದರು. ಸರ್ವರಿಗೆ ಸದಾ ಚುಚ್ಚಿಟ್ಟ ಬ್ಯಾಕಪ್ ಡಿಸ್ಕಿಗೂ ಇಂತಹ ಬೀಗ ಬೀಳುತ್ತದೆ.

ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಟ್ಟಡದ ಹೊರಗೆ ಎಂಬುದು ಬಲ್ಲವರು ಒಪ್ಪಿದ ಸೂತ್ರ. ತಂಬೂರಿನ ಗಿರಣಿಗೆ ಇದು ಕಷ್ಟವಲ್ಲ. ಎರಡು ಹೊರ ಡಿಸ್ಕುಗಳನ್ನು ಸರದಿಯಂತೆ ಬಳಸಿ, ಒಂದನ್ನು ವಾರಕ್ಕೊಮ್ಮೆ ಕಲಘಟಗಿ ಅಥವಾ ಹುಬ್ಬಳ್ಳಿಗೆ ಹೋದಾಗ ವಿಶ್ವಾಸಿಕರ ಮನೆಯಲ್ಲಿಟ್ಟು ಬಂದರಾಯಿತು.

ಎಲ್ಲವನ್ನೂ ಕ್ಲೌಡಿಗೆ ಒಪ್ಪಿಸಿದರೆ ಈ ತಲೆನೋವೇ ಇಲ್ಲವೆಂಬ ವಾದದಲ್ಲಿ ಹುರುಳಿದೆ. ಇಂಟರ್‌ನೆಟ್ ಸ್ಥಿರವಾಗಿರುವ ನಗರದ ಸಣ್ಣ ಕಚೇರಿಗೆ ಅದೇ ಮೇಲಾಗಬಹುದು. ಆದರೆ ರಸ್ತೆ ಅಗೆತದಲ್ಲಿ ಕೇಬಲ್ ತುಂಡಾದ ದಿನ ಹಳ್ಳಿಯ ಗಿರಣಿಯ ತೂಕ ನಿಲ್ಲಬಾರದು. ಇ-ವೇ ಬಿಲ್ಲಿಗೂ ಕೃಷಿ ಮಾರುಕಟ್ಟೆಯ ಆನ್‌ಲೈನ್ ಟೆಂಡರಿಗೂ ಇಂಟರ್‌ನೆಟ್ ಬೇಕೇ ಬೇಕು. ಅದಕ್ಕೆ ಮೊಬೈಲ್ ಸಂಪರ್ಕ ತಾತ್ಕಾಲಿಕವಾಗಿ ಸಾಕು. ದಿನದ ಲೆಕ್ಕ ಸ್ಥಳದಲ್ಲಿಯೇ ಇದ್ದು, ರಾತ್ರಿ ಒಂದು ಪ್ರತಿ ಹೊರಗೆ ಹೋಗುವ ವ್ಯವಸ್ಥೆಯೇ ಇಂತಹ ಊರುಗಳಿಗೆ ವಿವೇಕದ ಹಾದಿ.

ಹಣದ ಹಂಚಿಕೆ

ಸರ್ವರಿಗೆಂದು ನೂರು ರೂಪಾಯಿ ಎತ್ತಿಟ್ಟವರು ಯಂತ್ರಕ್ಕೆ ಅರ್ಧಕ್ಕಿಂತ ಹೆಚ್ಚು ಸುರಿಯಬಾರದು. ಇಪ್ಪತ್ತು ರೂಪಾಯಿ ಯುಪಿಎಸ್ ಹಾಗೂ ಅರ್ಥಿಂಗ್‌ಗೆ, ಹದಿನೈದು ರೂಪಾಯಿ ಬ್ಯಾಕಪ್ ಡಿಸ್ಕುಗಳಿಗೆ, ಉಳಿದ ಹದಿನೈದು ನಿರ್ವಹಣೆಗೆ ಮೀಸಲಾಗಬೇಕು. ಯಂತ್ರ ಒಂದು ಮೆಟ್ಟಿಲು ಕೆಳಗಿನದಾದರೂ ನಷ್ಟವಿಲ್ಲ, ಕಾವಲು ಕೆಳಗಿನದಾಗಬಾರದು.

ಮಾರುವವರ ಹೊಣೆಯೂ ಇಲ್ಲಿ ಕಡಿಮೆಯಲ್ಲ. ಕೊಟೇಶನ್ನಿನಲ್ಲಿ ಪ್ರೊಸೆಸರಿನ ಹೆಸರು ದಪ್ಪಕ್ಷರದಲ್ಲಿರುತ್ತದೆ. ಕೆಟ್ಟರೆ ಎಷ್ಟು ತಾಸಿನಲ್ಲಿ ಬರುತ್ತೇವೆ, ಬದಲಿ ಭಾಗ ಎಲ್ಲಿದೆ, ಬ್ಯಾಕಪ್ ಯಾರ ಜವಾಬ್ದಾರಿ ಎಂಬ ಮೂರು ಸಾಲುಗಳೂ ಅದರಲ್ಲಿ ಬರಹದಲ್ಲಿರಬೇಕು. ಆ ಸಾಲುಗಳಿಲ್ಲದ ಕೊಟೇಶನ್ ಎಷ್ಟೇ ಕಡಿಮೆ ಮೊತ್ತದ್ದಾದರೂ ದುಬಾರಿಯೇ ಸರಿ.

ಈಗಾಗಲೇ ಸರ್ವರ್ ಕೊಂಡವರಿಗೆ ಒಂದು ಪರೀಕ್ಷೆ ಉಳಿದಿದೆ. ಬಿಡುವಿನ ದಿನವೊಂದರಲ್ಲಿ ಸರ್ವರನ್ನು ಬಂದ್ ಮಾಡಿ, ಬ್ಯಾಕಪ್ ಡಿಸ್ಕಿನಿಂದ ಇನ್ನೊಂದು ಗಣಕಯಂತ್ರದ ಮೇಲೆ ಲೆಕ್ಕವನ್ನು ಮರಳಿ ಎಬ್ಬಿಸಿ ನಿನ್ನೆಯ ಬಾಕಿ ತಾಳೆಯಾಗುತ್ತದೆಯೇ ಎಂದು ನೋಡತಕ್ಕದ್ದು. ತಾಳೆಯಾದರೆ ಯಜಮಾನರು ನಿಶ್ಚಿಂತೆಯಿಂದ ಅಂಗಡಿಯ ಬಾಗಿಲು ಹಾಕಬಹುದು. ಆಗದಿದ್ದರೆ ಸುಗ್ಗಿ ಬರುವ ಮೊದಲೇ ಅದು ತಿಳಿದದ್ದು ಲಾಭವೆಂದು ಬಗೆಯಬೇಕು.